ದಪ್ಪ ಪುಸ್ತಕ ಬೇಡ, ಸನ್ನದು ಓದಲಿ

ಎರಡು ವಾರದ ವಸತಿ ಬೇಸಿಗೆ ಶಾಲೆಗೆ ಅಂತರರಾಷ್ಟ್ರೀಯ ಸಂಬಂಧಗಳ ಕೋರ್ಸ್ ಕಲಿಯಲು ಹೊರಟಿರುವ ಹದಿನಾರರ ಮಗಳು ಮೊದಲೇ ಸಿದ್ಧಾಂತದ ಪುಸ್ತಕ ಓದಿಕೊಳ್ಳಬೇಕೇ ಎಂದು ಕೇಳಿದ್ದೀರಿ. ಬೇಡ. ವಾಸ್ತವವಾದ, ಉದಾರವಾದಗಳನ್ನು ಸಾಮಾನ್ಯವಾಗಿ ಅಲ್ಲೇ ಮೊದಲಿನಿಂದ ಹೇಳಿಕೊಡುತ್ತಾರೆ.

ಬದಲಿಗೆ ವಿಶ್ವಸಂಸ್ಥೆಯ ಸನ್ನದು, ಅಂದರೆ ಅದರ ಸ್ಥಾಪನಾ ಒಪ್ಪಂದ, ಓದಲಿ. ಇಡೀ ಸನ್ನದು ಬೇಕಿಲ್ಲ. 2(4)ನೇ ವಿಧಿ (ಬಲಪ್ರಯೋಗದ ನಿಷೇಧ), 27ನೇ ವಿಧಿ (ಭದ್ರತಾ ಮಂಡಳಿಯ ಮತದಾನ), 6ನೇ ಅಧ್ಯಾಯ (ವಿವಾದಗಳ ಶಾಂತಿಯುತ ಪರಿಹಾರ) ಮತ್ತು 7ನೇ ಅಧ್ಯಾಯ (ಶಾಂತಿಗೆ ಬೆದರಿಕೆ ಬಂದಾಗ ಕೈಗೊಳ್ಳುವ ಕ್ರಮ) ಸಾಕು. ಇಂಥ ಶಿಬಿರಗಳಲ್ಲಿ ಹೆಚ್ಚಾಗಿ ಭದ್ರತಾ ಮಂಡಳಿಯ ಅಣಕು ಅಧಿವೇಶನ ಇರುತ್ತದೆ, ಮಕ್ಕಳು ಎಡವುವುದೂ ಅಲ್ಲೇ. 15ರಲ್ಲಿ 8 ಮತ ಬಂದರೆ ಗೆದ್ದೆವು ಅಂದುಕೊಳ್ಳುತ್ತಾರೆ. ಬೇಕಿರುವುದು 9; ಜೊತೆಗೆ, ಕಾರ್ಯವಿಧಾನದ ವಿಷಯ ಬಿಟ್ಟರೆ, ಐದು ಕಾಯಂ ಸದಸ್ಯರಲ್ಲಿ (ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್) ಯಾರೂ ವಿರುದ್ಧ ಮತ ಹಾಕಿರಬಾರದು; ಹಾಕಿದರೆ ಅದೇ ವೀಟೊ, ನಿರ್ಣಯ ಬಿದ್ದುಹೋಗುತ್ತದೆ. ತಟಸ್ಥವಾಗಿ ಉಳಿಯುವುದು ವೀಟೊ ಅಲ್ಲ. 2011ರಲ್ಲಿ ಲಿಬಿಯಾದ ನಾಗರಿಕರ ರಕ್ಷಣೆಗೆ ಬಲಪ್ರಯೋಗಕ್ಕೆ ಅನುಮತಿ ನೀಡಿದ 1973ನೇ ನಿರ್ಣಯಕ್ಕೆ (ಅದು ಸಂಖ್ಯೆ, ಇಸವಿಯಲ್ಲ) ಬಿದ್ದದ್ದು 10 ಮತ. ರಷ್ಯಾ, ಚೀನಾ, ಭಾರತ, ಜರ್ಮನಿ, ಬ್ರೆಜಿಲ್ ತಟಸ್ಥವಾಗಿದ್ದವು, ನಿರ್ಣಯ ಪಾಸಾಯಿತು. ಈ ಐದೂ ದೇಶಗಳು ಏಕೆ ಹಾಗೆ ಮಾಡಿದವು ಎಂದು ಒಂದೊಂದು ಪ್ಯಾರಾ ಬರೆದು ನೋಡಲಿ. ಇದಕ್ಕಿಂತ ಒಳ್ಳೆಯ ತಾಲೀಮು ಇಲ್ಲ.

ಇನ್ನೊಂದು ತಪ್ಪು, ಅಣಕು ಅಧಿವೇಶನದಲ್ಲಿ ಪ್ರತಿನಿಧಿಸಲು ಕೊಟ್ಟ ದೇಶದ ನಿಲುವು ಬಿಟ್ಟು ಸ್ವಂತ ಅಭಿಪ್ರಾಯ ಮಂಡಿಸುವುದು. ಆ ದೇಶದ ಹಿಂದಿನ ಮತಗಳು, ವ್ಯಾಪಾರ, ನೆರೆಹೊರೆ, ಸೇನಾ ಒಪ್ಪಂದ, ಇಷ್ಟನ್ನು ಒಂದೇ ಹಾಳೆಗೆ ಇಳಿಸಿಕೊಳ್ಳಲಿ. ನಿರ್ಣಯದ ಕರಡಿನಲ್ಲಿ ಯಾರು, ಯಾವಾಗ, ಯಾರ ಹಣದಲ್ಲಿ ಎಂಬುದು ಇರಬೇಕು. 'ಕ್ರಮ ಕೈಗೊಳ್ಳಬೇಕು' ಎಂದಷ್ಟೇ ಬರೆದರೆ ತಿದ್ದುಪಡಿಗಳಲ್ಲೇ ಸಂಜೆಯಾಗುತ್ತದೆ.

ಹಾಂ, ಬಣ ಕಟ್ಟುವ ಕೆಲಸ ನಡೆಯುವುದು ರಾತ್ರಿ ಊಟದ ನಂತರದ ಹರಟೆಯಲ್ಲಿ. ಸಂಕೋಚಪಟ್ಟು ಬೇಗ ಕೋಣೆ ಸೇರಿಬಿಟ್ಟರೆ ಬೆಳಿಗ್ಗೆಯಷ್ಟರಲ್ಲಿ ಮತಗಳು ಹಂಚಿಹೋಗಿರುತ್ತವೆ.