ವಿಜಯಪುರದ ಅಂಗಡಿಯಲ್ಲಿ ಮದರ್‌ಬೋರ್ಡ್ ಬದಲಿಸಿದ ಮೇಲೆ ಲ್ಯಾಪ್‌ಟಾಪ್ ಬಿಟ್‌ಲಾಕರ್ ಕೀ ಕೇಳುತ್ತಿದೆ, ಏಕೆ?

ನಿಮ್ಮ ಫೈಲ್‌ಗಳು ಎಲ್ಲೂ ಹೋಗಿಲ್ಲ. ಆದರೆ ಈಗ 48 ಅಂಕಿಯ ರಿಕವರಿ ಕೀ ಬೇಕೇ ಬೇಕು. ವಿಂಡೋಸ್ ಪಾಸ್‌ವರ್ಡ್ ನಡೆಯುವುದಿಲ್ಲ.

ವಿಂಡೋಸ್‌ನಲ್ಲೇ ಇರುವ ಬಿಟ್‌ಲಾಕರ್ ಡಿಸ್ಕ್‌ಗೆ ಬೀಗ ಹಾಕಿ, ಅದರ ಕೀಲಿಯನ್ನು ಟಿಪಿಎಂ ಎಂಬ ಭದ್ರತಾ ಚಿಪ್‌ನ ವಶಕ್ಕೆ ಕೊಡುತ್ತದೆ. ಪ್ರತಿ ಸಲ ಆನ್ ಮಾಡಿದಾಗ ಯಂತ್ರ ಮೊದಲಿನಂತೆಯೇ ಇದೆಯಾ ಎಂದು ನೋಡಿಯೇ ಆ ಚಿಪ್ ಕೀಲಿ ಬಿಡುತ್ತದೆ. ವಿಜಯಪುರದ ಅಂಗಡಿಯಲ್ಲಿ ಬೋರ್ಡ್ ಬದಲಿಸಿದರು ಅಂದಿರಲ್ಲ, ಹಳೇ ಬೋರ್ಡ್‌ನಲ್ಲಿದ್ದ ಚಿಪ್ ಅದರ ಜೊತೆಗೇ ಹೋಯಿತು. ಇದು ರಿಪೇರಿಯವರ ತಪ್ಪಲ್ಲ. ಕಳ್ಳ ಡಿಸ್ಕ್ ಕಿತ್ತು ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಹೀಗೇ ಆಗಬೇಕು, ಅಲ್ವಾ?

ಫೋನ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು, ಡಿವೈಸಸ್ ಭಾಗದಲ್ಲಿ ರಿಕವರಿ ಕೀ ಹುಡುಕಿ. ಲ್ಯಾಪ್‌ಟಾಪ್ ಪರದೆಯ ಮೇಲಿನ ಕೀ ಐಡಿಯ ಮೊದಲ 8 ಅಕ್ಷರ ಹೊಂದುವುದೇ ನಿಮ್ಮದು. ಸಿಗದಿದ್ದರೆ ಗಾಬರಿ ಬೇಡ. ಮೊದಲ ದಿನ ಲ್ಯಾಪ್‌ಟಾಪ್ ಸೆಟ್ ಮಾಡಿದ್ದು ಮಗನ ಖಾತೆಯಲ್ಲೋ ಅಣ್ಣನ ಖಾತೆಯಲ್ಲೋ ಇರಬಹುದು, ಅಲ್ಲೂ ನೋಡಿ. ಕಾಲೇಜು ಖಾತೆಯಾಗಿದ್ದರೆ ಅಲ್ಲಿನ ಐಟಿ ವಿಭಾಗವನ್ನು ಕೇಳಿ.

ಕೀ ಎಲ್ಲೂ ಇಲ್ಲದಿದ್ದರೆ ಆ ಡಿಸ್ಕ್ ತೆರೆಯಲು ಹಳೇ ಬೋರ್ಡ್ ಬಿಟ್ಟರೆ ಬೇರೆ ದಾರಿ ಇಲ್ಲ. ತೆಗೆದುಕೊಡುತ್ತೇವೆ ಅನ್ನುವವರಿಗೆ ಸುಮ್ನೆ ದುಡ್ಡು ಕೊಡಬೇಡಿ. ಹಳೇ ಬೋರ್ಡ್ ಇನ್ನೂ ಅಂಗಡಿಯಲ್ಲೇ ಇದ್ದು ಆನ್ ಆಗುವಂತಿದ್ದರೆ, ಡಿಸ್ಕನ್ನು ಅದಕ್ಕೇ ಜೋಡಿಸಿ ನೋಡಲು ಹೇಳಿ.