ಸಾಮಾನ್ಯ ಪಿಸಿಗಳನ್ನು ಸೇರಿಸಿ ದೊಡ್ಡ ಇಮೇಲ್ ಸೇವೆ ಕಟ್ಟಬಹುದೇ?

ಬಳಕೆದಾರರು ಜಾಸ್ತಿಯಾಗುತ್ತಿದ್ದಾರೆ, ಒಂದು ದೊಡ್ಡ ಸರ್ವರ್ ಕೊಳ್ಳಲಾ, ಇಲ್ಲ ನಾಲ್ಕೈದು ಪಿಸಿ ಹಾಕಿ ಹೆಸರಿನ ಮೊದಲ ಅಕ್ಷರದ ಪ್ರಕಾರ ಜನರನ್ನು ಹಂಚಲಾ ಎಂದು ಕೇಳಿದ್ದೀರಿ. ಪಿಸಿಗಳನ್ನೇ ಹಾಕಿ. ಆದರೆ ಅಕ್ಷರದ ಪ್ರಕಾರ ಮಾತ್ರ ಹಂಚಬೇಡಿ.

ಹಾಗೆ ಹಂಚಿದರೆ ಒಂದು ಮೆಷಿನ್ ಕೆಟ್ಟ ದಿನ ಅದರಲ್ಲಿರುವವರಿಗೆಲ್ಲ ಹಳೆ ಮೇಲೂ ಸಿಗುವುದಿಲ್ಲ, ಹೊಸದೂ ಬರುವುದಿಲ್ಲ. ಒಂದರ ಡಿಸ್ಕ್ ತುಂಬಿ ತುಳುಕುತ್ತಿದ್ದರೆ ಪಕ್ಕದ್ದು ಸುಮ್ನೆ ಖಾಲಿ ಇರುತ್ತದೆ.

1999ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 30 ಪಿಸಿಗಳ ಮೇಲೆ ಕಟ್ಟಿ ತೋರಿಸಿದ ಪಾರ್ಕ್ಯುಪೈನ್ ಎಂಬ ಮೇಲ್ ವ್ಯವಸ್ಥೆ ನನಗೆ ಇವತ್ತಿಗೂ ತುಂಬಾ ಇಷ್ಟ. ಅದರಲ್ಲಿ ಯಾವ ಮೆಷಿನ್‌ಗೂ ಇದೇ ಕೆಲಸ ಅಂತಿಲ್ಲ. ಯಾವುದು ಬೇಕಾದರೂ ಮೇಲ್ ತೆಗೆದುಕೊಳ್ಳುತ್ತದೆ, ಬಿಡುವಾಗಿರುವುದು ಇಟ್ಟುಕೊಳ್ಳುತ್ತದೆ. ಒಬ್ಬರದೇ ಮೇಲ್‌ಬಾಕ್ಸ್ ಹಲವು ಮೆಷಿನ್‌ಗಳಲ್ಲಿ ತುಂಡುತುಂಡಾಗಿ ಇರಬಹುದು. ಯಾರ ತುಂಡು ಎಲ್ಲಿದೆ ಎಂಬ ಪಟ್ಟಿ ಮೆಮೊರಿಯಲ್ಲಿರುತ್ತದೆ. ಒಂದು ಮೆಷಿನ್ ಬಿದ್ದರೆ ಉಳಿದವು ತಮ್ಮ ಡಿಸ್ಕ್ ನೋಡಿಕೊಂಡು ಕಳೆದುಹೋದ ಪಟ್ಟಿಯನ್ನು ತಾವೇ ಮತ್ತೆ ಕಟ್ಟುತ್ತವೆ. ಹಾಗಂತ ತೀರಾ ಚೂರು ಮಾಡಬಾರದು. ಇನ್‌ಬಾಕ್ಸ್ ತೆರೆದಾಗಲೆಲ್ಲ ಅಷ್ಟೂ ಮೆಷಿನ್‌ಗಳನ್ನು ಕೇಳಬೇಕಾಗುತ್ತದೆ, ಅಲ್ವಾ? ಅದಕ್ಕೇ ಅವರು ತುಂಡುಗಳಿಗೆ ಮಿತಿ ಹಾಕಿದ್ದರು. ಒಂದೇ ಪ್ರತಿ ಇಟ್ಟಾಗ ಸೆಕೆಂಡಿಗೆ ಸುಮಾರು 800 ಮೇಲ್ ಸಾಗುತ್ತಿತ್ತು. ಎರಡು ಪ್ರತಿ ಇಡಲು ಹೋದಾಗ ವೇಗ ಬಹಳ ಇಳಿಯಿತು, ಯಾಕೆಂದರೆ ಡಿಸ್ಕ್‌ಗೆ ಬರೆಯುವುದೇ ಇಲ್ಲಿ ದುಬಾರಿ ಕೆಲಸ.

ಇದೆಲ್ಲ ಸಾಧ್ಯವಾಗುವುದು ಮೇಲ್‌ಗೆ ಬ್ಯಾಂಕ್ ಲೆಕ್ಕದಷ್ಟು ಬಿಗಿ ಬೇಡವಾದ್ದರಿಂದ. ಮೇಲ್ ಅರ್ಧ ನಿಮಿಷ ತಡವಾದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಅಳಿಸಿದ್ದು ಒಮ್ಮೆ ಮತ್ತೆ ಕಾಣಿಸಿದರೂ ಸಹಿಸಿಕೊಳ್ಳುತ್ತಾರೆ. ಕಳೆದುಹೋದರೆ ಮಾತ್ರ ಕ್ಷಮೆಯಿಲ್ಲ.

ಆದ್ದರಿಂದ ಒಂದು ವಿಷಯದಲ್ಲಿ ಹಟ ಹಿಡಿಯಿರಿ. ಎಸ್‌ಎಂಟಿಪಿಯಲ್ಲಿ (ಸರ್ವರ್‌ಗಳು ಪರಸ್ಪರ ಮೇಲ್ ಸಾಗಿಸುವ ನಿಯಮ) ಮೇಲ್ ಪೂರ್ತಿ ಬಂದ ಮೇಲೆ ನೀವು 250, ಅಂದರೆ ‘ತೆಗೆದುಕೊಂಡೆ’ ಎಂದು ಉತ್ತರ ಕೊಟ್ಟರೆ ಅದರ ಹೊಣೆ ನಿಮ್ಮದಾಯಿತು. ಮೇಲ್ ಡಿಸ್ಕ್‌ಗೆ ನಿಜವಾಗಿ ಇಳಿಯುವವರೆಗೆ, ಸಾಧ್ಯವಾದರೆ ಎರಡು ಮೆಷಿನ್‌ಗಳ ಡಿಸ್ಕ್‌ಗೆ ಇಳಿಯುವವರೆಗೆ, ಆ ಉತ್ತರ ಕೊಡಲೇಬೇಡಿ. ಕಷ್ಟವಿದ್ದರೆ 451, ಅಂದರೆ ‘ಸದ್ಯಕ್ಕೆ ಆಗುತ್ತಿಲ್ಲ’ ಅನ್ನಿ. ಕಳಿಸಿದ ಸರ್ವರ್ ಅದನ್ನು ಕ್ಯೂನಲ್ಲಿಟ್ಟುಕೊಂಡು ಆಮೇಲೆ ಮತ್ತೆ ಪ್ರಯತ್ನಿಸುತ್ತದೆ.

ಜನರಿಗೆ ತೆರೆಯುವ ಮೊದಲು ಇದನ್ನೊಂದು ಮಾಡಿ: ಮೇಲ್ ಜೋರಾಗಿ ಬರುತ್ತಿರುವಾಗಲೇ ಒಂದು ಪಿಸಿಯ ಪವರ್ ಕೇಬಲ್ ಕಿತ್ತು, 250 ಸಿಕ್ಕ ಮೇಲ್‌ಗಳಷ್ಟೂ ಮೇಲ್‌ಬಾಕ್ಸ್‌ಗಳಲ್ಲಿವೆಯೇ ಎಂದು ಎಣಿಸಿ ನೋಡಿ.