ಇಷ್ಟು ಮಳೆ ಬಂದರೂ ಹಳ್ಳ ಯಾಕೆ ಬತ್ತುತ್ತದೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯಲಾಗದಷ್ಟು ಮಳೆ. ಆದರೂ ತೋಟದ ಪಕ್ಕದ ಹಳ್ಳ ಫೆಬ್ರವರಿಗೇ ನಿಲ್ಲುತ್ತದೆ. ಅಪ್ಪನ ಕಾಲದಲ್ಲಿ ಏಪ್ರಿಲ್‌ವರೆಗೂ ಹರಿಯುತ್ತಿತ್ತಂತೆ. ಮುಂದೆ ಇನ್ನೂ ಕಷ್ಟವಾ? ಬೋರ್‌ವೆಲ್ ತೆಗೆಸಲಾ?

ಉತ್ತರ: ಬೋರ್‌ವೆಲ್ ವಿಚಾರ ಆಮೇಲೆ. ಮೊದಲು ಒಂದು ಕೊಡ ನೀರು ಹಿಡಿದುಕೊಂಡು ನಿಮ್ಮ ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ ಹೋಗಿ. ದರಕು (ಉದುರಿದ ಒಣ ಎಲೆ) ದಪ್ಪಗೆ ಬಿದ್ದಿರುವ ಮರದ ಬುಡದಲ್ಲಿ ಅರ್ಧ ಸುರಿಯಿರಿ, ಗುಡಿಸಿ ಗುಡಿಸಿ ಬೋಳಾದ ನೆಲದ ಮೇಲೆ ಇನ್ನರ್ಧ. ಮೊದಲನೆಯದು ಅಲ್ಲೇ ಇಂಗುತ್ತದೆ. ಎರಡನೆಯದು ಕೆಂಪಗೆ ಕದಡಿ ಇಳಿಜಾರಿಗೆ ಓಡುತ್ತದೆ. ಬೇಸಿಗೆಯಲ್ಲಿ ನಿಮ್ಮ ಹಳ್ಳದಲ್ಲಿ ಹರಿಯಬೇಕಾದದ್ದು ಜುಲೈ, ಆಗಸ್ಟ್‌ನಲ್ಲಿ ಬೆಟ್ಟ ಕುಡಿದಿಟ್ಟುಕೊಂಡ ನೀರು, ಅದನ್ನು ಕುಡಿಯಲು ಬೆಟ್ಟಕ್ಕೆ ಈಗ ಆಗುತ್ತಿಲ್ಲ.

ಮುಂದೆ ಕಷ್ಟ ಜಾಸ್ತಿಯೇ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿ ಹಿಡಿಯುತ್ತದೆ. ಹಾಗಾಗಿ ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಒಂದು ಎಕರೆಗೆ 100 ಮಿಲಿಮೀಟರ್ ಮಳೆ ಅಂದರೆ 4 ಲಕ್ಷ ಲೀಟರ್ ನೀರು. ವಾರವಿಡೀ ನಿಧಾನಕ್ಕೆ ಬಿದ್ದರೆ ನೆಲ ಕುಡಿದೀತು, ನಾಲ್ಕು ಗಂಟೆಯಲ್ಲಿ ಬಿದ್ದರೆ ಹೇಗೆ ಕುಡಿಯಬೇಕು? ಗಂಗಾವಳಿ ನದಿಗೋ ಅಘನಾಶಿನಿ ನದಿಗೋ ಸೇರಿ, ಕರಾವಳಿಯವರ ಮನೆಗೆ ನುಗ್ಗಿ, ಸಮುದ್ರಕ್ಕೆ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ನೋಡಿದೆವಲ್ಲ.

ಮರ ಇದ್ದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಒತ್ತಾಗಿ ನೆಟ್ಟ ಅಕೇಶಿಯಾ ಬೇಗ ಬೆಳೆಯುತ್ತದೆ, ಬೆಳೆಯಲು ನೀರನ್ನೂ ಕುಡಿಯುತ್ತದೆ. ಹಳೆಯ ಕಾನಿನ (ಸದಾ ಹಸಿರಾಗಿರುವ ದಟ್ಟ ಕಾಡಿನ) ನೆಲ ಸಡಿಲವಾಗಲು ಎಷ್ಟೋ ತಲೆಮಾರು ಬೇಕಾಗಿದೆ, ಇರುವ ಕಾನನ್ನು ದಯವಿಟ್ಟು ಕಡಿಯಬೇಡಿ.

ಬೋರ್‌ವೆಲ್ ಬೇಡ ಎನ್ನುತ್ತೇನೆ. ಮೇಲಿಂದ ಇಂಗದೇ ಇದ್ದರೆ ಆಳದಲ್ಲಿದ್ದದ್ದೂ ಖಾಲಿಯಾಗುತ್ತದೆ. ಈ ವರ್ಷ ಬೆಟ್ಟದ ಒಂದು ಭಾಗದ ದರಕು ಗುಡಿಸದೆ ಬಿಡಿ, ಹಳ್ಳದ ದಂಡೆಯ ಮರ ಮುಟ್ಟಬೇಡಿ. ಇಂಗುಗುಂಡಿಯನ್ನು ಸಣ್ಣ ಇಳಿಜಾರಿನಲ್ಲಿ ಮಾತ್ರ ತೋಡಿ. ಕಡಿದಾದ ಗುಡ್ಡದಲ್ಲಿ ಖಂಡಿತ ಬೇಡ, 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದದ್ದು ನೆನಪಿರಲಿ.

ಪ್ರಶ್ನೆ: ಕುಮಟಾದಲ್ಲಿ ಸಮುದ್ರದ ಹತ್ತಿರ ಮನೆ. ಏಪ್ರಿಲ್‌ನಲ್ಲಿ ಬಾವಿ ನೀರು ಉಪ್ಪಾಗುತ್ತದೆ. ಬಾವಿ ಇನ್ನೂ ಆಳ ಮಾಡಿಸಿದರೆ ಸರಿಹೋಗುತ್ತದಾ?

ಉತ್ತರ: ಇಲ್ಲ, ಇನ್ನೂ ಕೆಡುತ್ತದೆ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರು ಸಮುದ್ರಮಟ್ಟಕ್ಕಿಂತ 1 ಅಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿವರೆಗೂ ಸಿಹಿಯೇ. ಆ 1 ಅಡಿಯನ್ನು ಪಂಪ್ ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಸ್ವಲ್ಪ ಸ್ವಲ್ಪವೇ ಎತ್ತಿ, ಮಾಡಿನ ಮಳೆನೀರನ್ನು ಸೋಸಿ ಬಾವಿಗೆ ಬಿಡಿ.